ಬಾಲ್ಕನಿಯ ಕಸಿ ಸಂಪಿಗೆ ಎರಡು ವರ್ಷದಿಂದ ಹೂ ಬಿಟ್ಟಿಲ್ಲ, ಏನು ಮಾಡಲಿ?

ಕೋಥರೂಡ್, ಪುಣೆ

ಮೂರು ವರ್ಷದ ಹಿಂದೆ ಜೂನ್‌ನಲ್ಲಿ ಒಂದು ಕಸಿ ಸಂಪಿಗೆ ತಂದೆ. ಇಲ್ಲಿ ಬರೀ ಚಾಫಾ ಅಂದರೆ ದೇವಕಣಗಿಲೆ ಕೊಟ್ಟುಬಿಡುತ್ತಾರೆ, ಸೋನ್‌ಚಾಫಾ ಅಂತಲೇ ಕೇಳಬೇಕು. ತರುವಾಗಲೇ ಎರಡು ಮೊಗ್ಗಿತ್ತು. ಆ ಮಳೆಗಾಲ ಪೂರ್ತಿ ವಾರಕ್ಕೆ ನಾಲ್ಕೈದು ಹೂ. ಶಿರಸಿಯಿಂದ ಬಂದಿದ್ದ ಅಮ್ಮ ಬೆಳಿಗ್ಗೆ ಎದ್ದವರೇ ಬಾಲ್ಕನಿಗೆ ಹೋಗುತ್ತಿದ್ದರು, ಕಾಫಿ ಆಮೇಲೆ.

ಮುಂದಿನ ವರ್ಷ ದೊಡ್ಡ ಕುಂಡಕ್ಕೆ ಹಾಕಿದೆ. ಅಲ್ಲಿಂದ ಒಂದೂ ಹೂವಿಲ್ಲ. ಗಿಡವೇನೋ ನನ್ನೆತ್ತರ ಆಗಿದೆ, ನೆಟ್ಟಗೆ ಕೋಲಿನ ಹಾಗೆ. ಆದರೆ ಹೊಸ ಎಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು. ಮಣ್ಣು ಹೊಲದಿಂದ ತಂದ ಕಪ್ಪು ಮಣ್ಣು, ನೀರು ಸೊಸೈಟಿಯ ಬೋರ್‌ನದ್ದು, ತಿಂಗಳಿಗೊಮ್ಮೆ ಒಂದು ಚಮಚ ಯೂರಿಯಾ. ಬಿಸಿಲು ಮಧ್ಯಾಹ್ನದ ತನಕ ಚೆನ್ನಾಗಿ ಬೀಳುತ್ತದೆ. ಚೌತಿಗೆ ಅಮ್ಮ ಮತ್ತೆ ಬರುತ್ತಿದ್ದಾರೆ, ಅಷ್ಟರೊಳಗೆ ಏನಾದರೂ ಮಾಡಬಹುದಾ?

ಡೊಂಬಿವಲಿ

ಮೊದಲು ಬುಡ ನೋಡಿ ತಮ್ಮಾ. ಮಣ್ಣಿನಿಂದ ಒಂದು ಗೇಣಿನೊಳಗೆ ಕಸಿ ಕಟ್ಟಿದ ಗಂಟು ಇರುತ್ತದೆ, ಕಾಂಡ ಅಲ್ಲಿ ಸ್ವಲ್ಪ ಸೊಟ್ಟಗಿರುತ್ತದೆ. ನಿಮ್ಮ ಆ ಕೋಲಿನಂಥ ಕೊಂಬೆ ಗಂಟಿನ ಮೇಲಿನಿಂದ ಬಂದಿದೆಯಾ, ಕೆಳಗಿನಿಂದಲಾ? ಕೆಳಗಿನಿಂದ ಬಂದಿದ್ದರೆ ಅದು ಬೀಜದ ಗಿಡ. ಕಸಿ ಕಟ್ಟುವುದು ಬೀಜದ ಸಂಪಿಗೆಯ ಮೇಲೇ ಆದ್ದರಿಂದ ಎಲೆ ನೋಡಿ ಗೊತ್ತಾಗುವುದಿಲ್ಲ, ಎರಡೂ ಒಂದೇ ಥರ. ಬೀಜದ ಸಂಪಿಗೆ ಹೂ ಬಿಡಲು ಎಂಟು ಹತ್ತು ವರ್ಷ ಬೇಕು. ನನ್ನ ಗಿಡಕ್ಕೂ ಹೀಗೇ ಆಗಿತ್ತು, ನಾಲ್ಕು ವರ್ಷ ಕಾದೆ, ಆಮೇಲೆ ಗೊತ್ತಾಯಿತು. ಆ ನಾಲ್ಕು ವರ್ಷ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮತ್ತೆ ಯೂರಿಯಾ ಇವತ್ತೇ ನಿಲ್ಲಿಸಿ. ಅದು ಬರೀ ಎಲೆ ಮತ್ತು ಎತ್ತರ ಕೊಡುತ್ತದೆ.

ಪಿಂಪ್ರಿ, ಪುಣೆ

ಅಕ್ಕ ಹೇಳಿದ್ದು ಸರಿ, ಆದರೆ ಹಳದಿ ಎಲೆಯ ಕಥೆ ಬೇರೆ. ಎಳೆ ಎಲೆ ಹಳದಿಯಾಗಿ ನರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಗಿಡಕ್ಕೆ ಸಿಗುವುದಿಲ್ಲ ಅಷ್ಟೇ. ನಮ್ಮ ಕಡೆಯ ಕಪ್ಪು ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ, ಬೋರ್ ನೀರೂ ಗಡಸು. ಸಂಪಿಗೆಗೆ ಬೇಕಿರುವುದು ಸ್ವಲ್ಪ ಹುಳಿ ಇರುವ, ನೀರು ಬಸಿದು ಹೋಗುವ ಮಣ್ಣು. ಕಪ್ಪು ಮಣ್ಣು ಕುಂಡದಲ್ಲಿ ಮಳೆಗಾಲಕ್ಕೆ ಕೆಸರು, ಬೇಸಿಗೆಗೆ ಇಟ್ಟಿಗೆ.

ಅಂಗಡಿಯಲ್ಲಿ ಸಿಗುವ ಫೆರಸ್ ಸಲ್ಫೇಟ್ ಅನ್ನುವ ಕಬ್ಬಿಣದ ಲವಣವನ್ನು ಈ ಮಣ್ಣಿಗೆ ಹಾಕಿದರೆ ಹೆಚ್ಚು ದಿನ ಉಪಯೋಗವಿಲ್ಲ, ಮತ್ತೆ ಗಟ್ಟಿಯಾಗಿ ಕೂರುತ್ತದೆ. ಕೀಲೇಟೆಡ್ ಐರನ್, ಅಂದರೆ ಮಣ್ಣಿನಲ್ಲಿ ಹಾಗೆ ಗಟ್ಟಿಯಾಗದಂತೆ ಮಾಡಿದ ಕಬ್ಬಿಣ ಕೇಳಿ, ಅದರಲ್ಲೂ ಇಡಿಡಿಎಚ್‌ಎ ಅಂತ ಬರೆದಿರುವುದು. ಕಪ್ಪು ಮಣ್ಣಿನಲ್ಲೂ ಅದು ಕೆಲಸ ಮಾಡುತ್ತದೆ. ಮಳೆ ನೀರು ಬಕೆಟ್‌ನಲ್ಲಿ ಹಿಡಿದಿಟ್ಟು ಹಾಕಿ. ಪುಣೆಗೆ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್, ಬಿದ್ದಾಗಲೇ ಹಿಡಿಯಬೇಕು.

ಮಣ್ಣು ಬದಲಿಸುವಾಗ ಬೇರು ತೊಳೆಯಬೇಡಿ. ಸಂಪಿಗೆ ಬೇರು ದಪ್ಪ, ಮೆದು, ಪಟ್ಟನೆ ಮುರಿಯುತ್ತದೆ. ಹೆಂಟೆ ಹಾಗೇ ಇರಲಿ, ಸುತ್ತಲಿನ ಮತ್ತು ಮೇಲಿನ ಕಪ್ಪು ಮಣ್ಣು ಮಾತ್ರ ನಿಧಾನಕ್ಕೆ ಕೆರೆದು ತೆಗೆದು, ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಕಲಸಿ ತುಂಬಿ. ಮಳೆ ಹಿಡಿದ ಮೇಲೆ ಮಾಡಿ.

ಫೋಂಡಾ, ಗೋವಾ

ನಮ್ಮ ಕೆಂಪು ಮುರ ಮಣ್ಣಿನಲ್ಲಿ ಸಂಪಿಗೆಗೆ ಏನೂ ಮಾಡುವುದೇ ಬೇಡ, ಮಳೆಯೇ ಎಲ್ಲ ನೋಡಿಕೊಳ್ಳುತ್ತದೆ. ನಿಮ್ಮ ಸೊಸೈಟಿಯಲ್ಲಿ ನೆಲದ ಮೇಲೆ ಜಾಗ ಇದ್ದರೆ ಕೇಳಿ ನೋಡಿ ಮಾರಾಯ್ರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ನೋಡಿದ ಮೇಲೆ ನನಗೆ ಕುಂಡದ ಸಂಪಿಗೆ ನೋಡಿದರೆ ಪಾಪ ಅನಿಸುತ್ತದೆ.

ಇನ್ನೊಂದು ಮಾತು, ಎಲೆ ತಿನ್ನುವ ಹಸಿರು ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅದು ಹಸಿರು ಚುಕ್ಕೆಯ ಒಂದು ಚಂದದ ಚಿಟ್ಟೆಯ ಮರಿ, ಸೀತಾಫಲದ ಎಲೆಯನ್ನೂ ತಿನ್ನುತ್ತದೆ. ನಾಲ್ಕು ಎಲೆ ಹೋದರೆ ಗಿಡ ಸಾಯುವುದಿಲ್ಲ.

ಕೋಥರೂಡ್, ಪುಣೆ

ಈಗಷ್ಟೇ ಟಾರ್ಚ್ ಹಿಡಿದು ನೋಡಿ ಬಂದೆ. ಅಕ್ಕ, ನೀವು ಹೇಳಿದ್ದೇ ನಿಜ. ನಾನು ಎರಡು ವರ್ಷ ಸಾಕಿದ್ದು ಗಂಟಿನ ಕೆಳಗಿನ ಕೊಂಬೆಯನ್ನು. ಗಂಟಿನ ಮೇಲೆ ಬೆರಳಿನಷ್ಟು ದಪ್ಪದ ಒಂದು ಸಣ್ಣ ಟೊಂಗೆ ಪಕ್ಕಕ್ಕೆ ಬಾಗಿ ನಿಂತಿದೆ. ಅದು ಒಣಗಿದೆ ಅಂದುಕೊಂಡಿದ್ದೆ, ಉಗುರಲ್ಲಿ ಕೆರೆದರೆ ಒಳಗೆ ಹಸಿರಿದೆ. ತುದಿಯಲ್ಲಿ ಮೂರು ಎಲೆಯೂ ಇದೆ. ದೊಡ್ಡದನ್ನು ಒಂದೇ ಸಲಕ್ಕೆ ಕಡಿಯಲಾ? ಕೈ ಬರುತ್ತಿಲ್ಲ.

ಡೊಂಬಿವಲಿ

ಟೊಂಗೆ ಬದುಕಿದೆ ಅಂದರೆ ಗೆದ್ದಿರಿ. ಒಂದೇ ಸಲ ಬೇಡ. ಆಹಾರ ಮಾಡುತ್ತಿರುವುದು ಆ ದೊಡ್ಡ ಕೊಂಬೆಯ ಎಲೆಗಳೇ, ಪೂರ್ತಿ ಹೋದರೆ ಬೇರು ಸೊರಗುತ್ತದೆ. ಈಗ ಅರ್ಧಕ್ಕೆ ಕಡಿಯಿರಿ. ಸಣ್ಣ ಟೊಂಗೆಗೆ ಬಿಸಿಲು ಬೀಳುವ ಹಾಗೆ ಕುಂಡ ತಿರುಗಿಸಿ. ಅದರಲ್ಲಿ ಏಳೆಂಟು ಹೊಸ ಎಲೆ ಬಂದ ಮೇಲೆ ದೊಡ್ಡದನ್ನು ಬುಡದಲ್ಲೇ ತೆಗೆದು, ಗಾಯಕ್ಕೆ ಅರಿಶಿನ ಹಚ್ಚಿ. ಆಮೇಲೂ ಗಂಟಿನ ಕೆಳಗೆ ಚಿಗುರು ಬರುತ್ತಲೇ ಇರುತ್ತದೆ, ಎಳೆಯದಿದ್ದಾಗಲೇ ಬೆರಳಲ್ಲಿ ಚಿವುಟಿ.

ಈ ಚೌತಿಗೆ ಹೂ ಆಗುವುದಿಲ್ಲ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಅಮ್ಮ ಬಂದಾಗ ಮಾರ್ಕೆಟ್‌ನಿಂದ ನಾಲ್ಕು ಸೋನ್‌ಚಾಫಾ ತಂದು ಗಾಜಿನ ಲೋಟದ ನೀರಿನಲ್ಲಿ ಇಡಿ, ಆ ಟೊಂಗೆಯನ್ನೂ ತೋರಿಸಿ. ಮುಂದಿನ ಮಳೆಗೆ ಮೊಗ್ಗು ಬಂದರೆ ಇಲ್ಲಿ ಫೋಟೋ ಹಾಕಿ.