ಥಾರ್‌ಗೆ ಎ.ಟಿ. ಟೈರೋ, ಎಂ.ಟಿ. ಟೈರೋ? ಸಹಾಯ ಬೇಕು

ನಮಸ್ಕಾರ. ಮೂಡಿಗೆರೆ ಬಳಿ ನಮ್ಮ ಕಾಫಿ ತೋಟವಿದೆ. ನಮ್ಮ ಮಹೀಂದ್ರ ಥಾರ್ ಜೀಪಿನ 255/65 ಆರ್18 (18 ಇಂಚಿನ ರಿಮ್‌ನ) ಟೈರುಗಳು ಸವೆದಿವೆ, ಮುಂಗಾರಿಗೆ ಮೊದಲೇ ಬದಲಿಸಬೇಕು. ಎಲ್ಲ ಬಗೆಯ ದಾರಿಗೂ ಹೊಂದುವ ಎ.ಟಿ. (ಆಲ್ ಟೆರೇನ್) ಹಾಕಿಸಲೋ, ಕೆಸರಿಗೆಂದೇ ಮಾಡಿದ ಎಂ.ಟಿ. (ಮಡ್ ಟೆರೇನ್) ಹಾಕಿಸಲೋ ಎಂಬುದೇ ಪ್ರಶ್ನೆ.

ತೋಟದ ಏರಿನಲ್ಲಿ ಕೆಂಪು ಮಣ್ಣು ಟೈರಿನ ಗೀರುಗಳಲ್ಲಿ ಮೆತ್ತಿಕೊಂಡರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಗಾಳಿ ಇಳಿಸಿ ನೋಡಿದೆ, ಲೋ ಗೇರಿನಲ್ಲಿ ನಿಧಾನವಾಗಿ ಹತ್ತಿಸಿದೆ. ಒಣ ದಾರಿಯಲ್ಲಿ ಸರಿ, ಜಡಿಮಳೆಯಲ್ಲಿ ಪ್ರಯೋಜನವಿಲ್ಲ.

ಎಂ.ಟಿ. ಟೈರು ಕೆಸರನ್ನು ತಾನೇ ಕೊಡವಿಕೊಳ್ಳುತ್ತದೆ, ನಿಜ. ಆದರೆ ಒದ್ದೆ ಡಾಂಬರಿನ ಮೇಲೆ ಅದರ ಹಿಡಿತ ಕಡಿಮೆ, ಸದ್ದೂ ಹೆಚ್ಚು. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಳೆಯಲ್ಲೇ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಆ ತಿರುವುಗಳಲ್ಲಿ ಬ್ರೇಕ್ ಜಾರುವುದು ನನಗೆ ಬೇಡವೇ ಬೇಡ. ಎ.ಟಿ. ಹಾಕಿದರೆ ತೋಟದ ಕಷ್ಟ ತಪ್ಪುತ್ತದೆಯೇ ಎಂಬ ಅನುಮಾನ.

ಅಂಗಡಿಯವರು 16 ಇಂಚಿನ ರಿಮ್‌ಗೆ ಇಳಿದು 245/75 ಹಾಕಿಸಿ ಎನ್ನುತ್ತಾರೆ. ಟೈರಿನ ಪಕ್ಕಗೋಡೆಯ (ರಿಮ್‌ನಿಂದ ನೆಲದವರೆಗಿನ ರಬ್ಬರಿನ) ಎತ್ತರ ಸುಮಾರು 166 ಮಿ.ಮೀ.ನಿಂದ 184ಕ್ಕೆ ಏರುತ್ತದೆ, ಗಾಳಿ ಇಳಿಸಿದಾಗ ಟೈರು ಹೆಚ್ಚು ಬಾಗಿ ಹಿಡಿತಕ್ಕೆ ಅನುಕೂಲ. ಆದರೆ ಖರ್ಚು ಜಾಸ್ತಿ.

ಮಲೆನಾಡಿನಲ್ಲಿ ಇವನ್ನು ಬಳಸಿದವರು ದಯವಿಟ್ಟು ತಿಳಿಸಿ: ಈಗಿನ ರಿಮ್‌ಗೇ ಆಳವಾದ ಗೀರಿನ ಎ.ಟಿ. ಸಾಕೇ, ಅಥವಾ 16 ಇಂಚಿಗೆ ಬದಲಾಯಿಸುವುದು ಒಳ್ಳೆಯದೇ?