ಅವ್ವಗೆ ಮನೆಯಲ್ಲಿ ಆಕ್ಸಿಜನ್: 90 ಮೇಲೆ ಏರುತ್ತಿಲ್ಲ, ಮಾಸ್ಕ್ ಹಾಕಬೇಕಾ?

ತೊಗರಿಹೊಲ (ಚಿತ್ತಾಪುರ ಕಡೆ)
ನಮಸ್ಕಾರ್ರೀ. ಅವ್ವಗೆ 67. ನಲವತ್ತು ವರ್ಷ ಕಟ್ಟಿಗೆ ಒಲೆ ಮುಂದೆ ಕೂತು ರೊಟ್ಟಿ ಬಡಿದವಳು. ಬೀಡಿ ಮುಟ್ಟಿದವಳಲ್ಲ, ಆದರೂ ಸಿಒಪಿಡಿ (ಉಸಿರುದಾರಿ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಪುಪ್ಪುಸದ ಕಾಯಿಲೆ) ಅಂದರು. ಹೋದ ವಾರ ಕಲಬುರಗಿಯಲ್ಲಿ ಡಿಸ್ಚಾರ್ಜ್ ಆಯಿತು. ನಿಮಿಷಕ್ಕೆ 5 ಲೀಟರ್ ತನಕ ಕೊಡುವ ಕಾನ್ಸಂಟ್ರೇಟರ್ (ಕೋಣೆಯ ಗಾಳಿಯಿಂದ ಆಕ್ಸಿಜನ್ ಮಾಡಿ ಕೊಡುವ ಮಷಿನ್) ಬಾಡಿಗೆಗೆ ತಂದಿದ್ದೇವೆ. ಚೀಟಿಯಲ್ಲಿ ಮೂಗಿನ ನಳಿಕೆಯಿಂದ 1-2 ಲೀಟರ್, ದಿನಕ್ಕೆ 15 ಗಂಟೆ ಅಂತ ಇದೆ. ಆದರೆ ರಕ್ತದಲ್ಲಿ ಆಕ್ಸಿಜನ್ ಎಷ್ಟು ಪರ್ಸೆಂಟ್ ಅಂತ ತೋರಿಸುವ ಬೆರಳಿನ ಮಷಿನ್ 89, 90ರಲ್ಲೇ ನಿಂತಿರುತ್ತೆ. ಪಕ್ಕದ ಮನೆಯವರು ಕೋವಿಡ್ ಕಾಲದ ಮಾಸ್ಕ್ ಕೊಟ್ಟರು. 2 ಲೀಟರಿನಲ್ಲಿ ಅದನ್ನು ಹಾಕಿದರೆ ಉಸಿರು ಕಟ್ಟುತ್ತೆ ಅಂತ ಕಿತ್ತು ಒಗೆದಳು. ನಿನ್ನೆ ರಾತ್ರಿ ನಳಿಕೆ ಹಾಕಿ ನಾನೇ 5ಕ್ಕೆ ತಿರುಗಿಸಿದೆ. 97 ಬಂತು, ಖುಷಿಯಾಯಿತು. ಬೆಳಿಗ್ಗೆ ನೋಡಿದರೆ ತಲೆನೋವು, ಚಹಾದ ಕಪ್ಪು ಹಿಡಿದ ಕೈ ನಡುಗುತ್ತಿದೆ, ಮಾತಾಡ್ತಾ ಮಾತಾಡ್ತಾ ನಿದ್ದೆಗೆ ಜಾರುತ್ತಾಳೆ. ಮಾಸ್ಕ್ ಇದ್ದರೆ ಸರಿ ಹೋಗುತ್ತಾ?

ರಾತ್ರಿಪಾಳಿ (ಕಲಬುರಗಿ, ನರ್ಸ್)
ಮೊದಲು ಎದ್ದು ಹೋಗಿ ನಾಬ್ ಚೀಟಿಯಲ್ಲಿರುವಷ್ಟಕ್ಕೇ ಇಳಿಸಿ. ಪೂರ್ತಿ ಬಂದ್ ಮಾಡಬೇಡಿ, ಒಮ್ಮೆಲೇ ತೆಗೆದರೆ ರಕ್ತದ ಆಕ್ಸಿಜನ್ ಮೊದಲಿಗಿಂತ ಕೆಳಗೆ ಬೀಳಬಹುದು. ಆಮೇಲೆ 108ಕ್ಕೆ ಫೋನ್ ಮಾಡಿ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಂಜೆ ನೋಡೋಣ ಅನ್ನಬೇಡಿ. ತಲೆನೋವು, ಕೈ ನಡುಕ, ಮಂಪರು ಮೂರೂ ಸೇರಿದರೆ ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿರಬಹುದು ಅಂತ ಲೆಕ್ಕ.

ಉಳಿದದ್ದನ್ನು ದಾರಿಯಲ್ಲಿ ಓದಿ. ಇಂಥ ಪುಪ್ಪುಸದವರಿಗೆ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು, ಅವರಿಗೆ 90 ಒಳ್ಳೇ ನಂಬರ್ರೀ! ಆಕ್ಸಿಜನ್ ಜಾಸ್ತಿ ಕೊಟ್ಟರೆ ಕೆಟ್ಟ ಗಾಳಿ ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತೆ, ಬೆರಳಿನ ಮಷಿನ್ ಅದನ್ನು ತೋರಿಸುವುದೇ ಇಲ್ಲ. 97 ಅಂತ ಹೇಳಿ ನಿಮ್ಮನ್ನು ಮೋಸ ಮಾಡಿದ್ದು ಅದೇ. ಇನ್ನು ಮಾಸ್ಕ್. ಸಾದಾ ಮಾಸ್ಕಿಗೆ ಕಡಿಮೆ ಅಂದರೂ 5 ಲೀಟರ್ ಬೇಕು, ಇಲ್ಲಾಂದ್ರೆ ಬಿಟ್ಟ ಉಸಿರು ಅದರೊಳಗೇ ನಿಂತು ಅದನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ಅವ್ವ ಕಿತ್ತು ಒಗೆದದ್ದು ಸರಿಯಾಗೇ ಇದೆ. ಚೀಲ ಇರುವ ಮಾಸ್ಕ್ ಆದರೆ 10-15 ಲೀಟರ್ ಬೇಕು, ನಿಮ್ಮ ಮಷಿನ್ ಅಷ್ಟು ಕೊಡುವುದೇ ಇಲ್ಲ.

ಕೋಟೆಬಾಗಿಲು (ಬೀದರ್)
ಅಪ್ಪನಿಗೆ ಎರಡು ವರ್ಷ ಮನೆಯಲ್ಲೇ ಕೊಟ್ಟಿದ್ದೇವೆ. ಅವ್ವ ಮನೆಗೆ ಬಂದ ಮೇಲೆ ನಿಮ್ಮ ದೊಡ್ಡ ತಲೆನೋವು ಕರೆಂಟ್. ಕರೆಂಟ್ ಹೋದಾಗ ಬೇಕು ಅಂತ ಒಂದು ಬಿ ಟೈಪ್ (ಅಳತೆಯ ಹೆಸರು) ಆಕ್ಸಿಜನ್ ಸಿಲಿಂಡರ್ ಇಟ್ಟುಕೊಳ್ಳಿ. ತುಂಬಿದ್ದರೆ ಅದರಲ್ಲಿ ಸುಮಾರು 1500 ಲೀಟರ್ ಇರುತ್ತೆ, ನಿಮಿಷಕ್ಕೆ 2 ಲೀಟರ್ ಹೋದರೆ 12 ಗಂಟೆ. ನಾವು ಒಮ್ಮೆ ಎಷ್ಟು ಉಳಿದಿದೆ ಅಂತ ತೋರಿಸುವ ಮುಳ್ಳು ನೋಡದೆ ಖಾಲಿ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಧೈರ್ಯವಾಗಿ ಮಲಗಿದ್ದೆವು. ಆ ರಾತ್ರಿ ಕರೆಂಟ್ ಹೋಯಿತು, ಮುಂದಿನದ್ದು ಕೇಳಬೇಡಿ.

ಮಷಿನ್ ಗೋಡೆಯಿಂದ ಒಂದು ಅಡಿ ದೂರ ಇರಲಿ, ನಮ್ಮ ಕಡೆ ಮೇ ತಿಂಗಳ ಬಿಸಿಲಿಗೆ ಅದೂ ಏದುಸಿರು ಬಿಡುತ್ತೆ. ಹಿಂದಿನ ಸ್ಪಂಜ್ ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕಿ. ಆಕ್ಸಿಜನ್‌ಗೆ ತೇವ ಕೊಡುವ ಮಷಿನ್ ಬಾಟಲಿಗೆ ಕುದಿಸಿ ಆರಿಸಿದ ನೀರು, ದಿನಾ ಬದಲಿಸಿ. ಮೂಗು ಒಣಗಿತು ಅಂತ ವ್ಯಾಸಲೀನ್ ಹಚ್ಚಬೇಡಿ, ಎಣ್ಣೆ ಜಿಡ್ಡು ಇರುವುದು ಯಾವುದೂ ಬೇಡ.

ಭೀಮಾತೀರ
ದಡ್ಡ ಪ್ರಶ್ನೆ ಇರಬಹುದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಈ ಮಷಿನ್ ಇದ್ದರೆ ಉಳಿದವರಿಗೆ ಗಾಳಿ ಕಡಿಮೆ ಬೀಳಲ್ವಾ?

ರಾತ್ರಿಪಾಳಿ
ಇಲ್ಲ. ಕೋಣೆಯ ಗಾಳಿಯಲ್ಲೇ 21 ಪರ್ಸೆಂಟ್ ಆಕ್ಸಿಜನ್ ಇದೆ. ಮಷಿನ್ ನೈಟ್ರೋಜನ್ ಸೋಸಿ ತೆಗೆದು 93ರಷ್ಟು ಮಾಡಿ ಕೊಡುತ್ತೆ, ತೆಗೆದದ್ದನ್ನು ಅದೇ ಕೋಣೆಗೆ ಬಿಡುತ್ತೆ. ಆದರೂ ಕಿಟಕಿ ತೆಗೆದಿಡಿ.

ತೊಗರಿಹೊಲ
ನಾಲ್ಕು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಮಣಿಕಟ್ಟಿನಿಂದ ರಕ್ತ ತೆಗೆದು ನೋಡಿದರು, ಕಾರ್ಬನ್ ಡೈಆಕ್ಸೈಡ್ ಏರಿತ್ತು. ಎರಡು ರಾತ್ರಿ ಬೈಪ್ಯಾಪ್ (ಬಿಗಿ ಮಾಸ್ಕಿನಿಂದ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಮಷಿನ್) ಹಾಕಿದರು. ನಿನ್ನೆ ಮನೆಗೆ ಬಂದಳು. ಈಗ ನಳಿಕೆಯಲ್ಲಿ ಒಂದೂವರೆ ಲೀಟರ್. ನನ್ನ ತಮ್ಮ ನಾಬ್ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿ "ಅಣ್ಣ ಮುಟ್ಟಬಾರದು" ಅಂತ ಬರೆದಿದ್ದಾನೆ. ಒಂದೇ ಒಂದು ಕೇಳುವುದಿದೆ. ಅವ್ವನ ಮಂಚ ದೇವರ ಜಗುಲಿ ಪಕ್ಕದಲ್ಲೇ ಇದೆ, ದೀಪ ಹಚ್ಚದೆ ಊಟ ಮಾಡಲ್ಲ ಅಂತಾಳೆ.

ಕೋಟೆಬಾಗಿಲು
ಮಂಚ ಬೇರೆ ಕೋಣೆಗೆ ಹಾಕ್ರಿ. ದೀಪ, ಊದಿನಕಡ್ಡಿ, ಒಲೆ ಏನೇ ಇದ್ದರೂ ಪೈಪಿನಿಂದ ಎರಡು ಮೀಟರ್ ಆಚೆ. ನಮ್ಮಪ್ಪನೂ ಹಟ ಮಾಡಿದ್ದ, ಬ್ಯಾಟರಿ ದೀಪ ತಂದಿಟ್ಟೆವು. ಒಂದು ವಾರ ಬೈದ.