ಹಿಟ್ಟಿನ ಡಬ್ಬದ ಕಂದು ಚಿಟ್ಟೆಗೆ ನಿಮ್ಮ ಕಡೆ ಏನಂತೀರಿ?

ಗೆಳೆಯರೇ, ಒಂದು ಪದ ಬೇಕಿತ್ತು.

ರಾಗಿಹಿಟ್ಟಿನ ಡಬ್ಬ ತೆಗೆದರೆ ಪುರ್ರಂತ ಹಾರಿ ಗೋಡೆಗೆ ಕೂರುತ್ತದಲ್ಲ, ಆ ಪುಟ್ಟ ಕಂದು ಚಿಟ್ಟೆ. ಅದರ ಬಗ್ಗೆ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇದು ಇಂಡಿಯನ್ ಮೀಲ್ ಮಾತ್. ನನಗೆ ಸಿಕ್ಕ ಹಳೇ ಕರಡಿನಲ್ಲಿ 'ಭಾರತೀಯ ಊಟದ ಪತಂಗ' ಅಂತಿತ್ತು! ಬಾಳೆಲೆ ಹಾಕಿ ಕೂರಿಸುವುದೊಂದು ಬಾಕಿ.

ಆ 'ಇಂಡಿಯನ್' ನಮ್ಮ ದೇಶದ್ದಲ್ಲ. ಅಮೆರಿಕದಲ್ಲಿ ಆಗ ಮುಸುಕಿನ ಜೋಳದ ಹಿಟ್ಟಿಗೆ ಇಂಡಿಯನ್ ಮೀಲ್ ಅನ್ನುತ್ತಿದ್ದರು. ಆ ಹಿಟ್ಟನ್ನು ತಿನ್ನುತ್ತಿದ್ದ ಹುಳಕ್ಕೆ ಏಸಾ ಫಿಚ್ ಎಂಬ ಕೀಟತಜ್ಞರು 1850ರ ದಶಕದಲ್ಲಿ ಈ ಹೆಸರು ಕೊಟ್ಟರು. ಈಗ ಅಂಟಾರ್ಕ್ಟಿಕಾ ಬಿಟ್ಟು ಎಲ್ಲಾ ಖಂಡಗಳಲ್ಲೂ ಇದೆ.

ಮೊನ್ನೆ ಒಂದನ್ನು ಗಾಜಿನ ಲೋಟದಡಿ ಮುಚ್ಚಿ ನೋಡಿದೆ. ರೆಕ್ಕೆ ಮಡಿಸಿ ಕೂತಾಗ ಹೆಚ್ಚೆಂದರೆ 1 ಸೆಂ.ಮೀ. ಉದ್ದ. ರೆಕ್ಕೆಯಲ್ಲಿ ತಲೆ ಕಡೆಯ ಮೂರನೇ ಒಂದು ಪಾಲು ಮಾಸಿದ ಬಿಳಿ, ಮಿಕ್ಕಿದ್ದು ಹಳೇ ತಾಮ್ರದ ಚೊಂಬಿನ ಬಣ್ಣ. ಮುಟ್ಟಿದರೆ ತಾಮ್ರ ಪುಡಿಯಾಗಿ ಬೆರಳಿಗೆ ಅಂಟಿತು. ಪಾಪ, ಹಿಟ್ಟು ತಿನ್ನುವುದು ಇದಲ್ಲ, ಇದರ ಮರಿಹುಳ. ಅದು ಬಿಡುವ ನೂಲಿಗೇ ಹಿಟ್ಟು ಗಂಟುಗಂಟಾಗಿ ಜರಡಿಯಲ್ಲಿ ನಿಲ್ಲುವುದು.

ಈಗ ಪದಕ್ಕೆ ಬರೋಣ. 'ಪತಂಗ' ಪಾಠದ ಪುಸ್ತಕದಲ್ಲಿ ಬಿಟ್ಟರೆ ನಮ್ಮ ಶಿಡ್ಲಘಟ್ಟದಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ರೇಷ್ಮೆ ಗೂಡು ತೂತು ಮಾಡಿಕೊಂಡು ಬರುವುದೂ ನಮಗೆ ಚಿಟ್ಟೆಯೇ, ಹೂವಿನ ಮೇಲೆ ಕೂರುವುದೂ ಚಿಟ್ಟೆಯೇ. 'ನುಸಿ' ಅಂದರೆ ತುಮಕೂರಿನವರಿಗೆ ತೆಂಗಿನಕಾಯಿಯ ನುಸಿ ನೆನಪಾಗುತ್ತದೆ. ಅದು ಕಣ್ಣಿಗೆ ಕಾಣುವುದೇ ಇಲ್ಲ, ಹಾರುವ ಮಾತೆಲ್ಲಿ? 'ಹಾತೆ' ನನಗೆ ಇಷ್ಟ, ಆದರೆ ಅದು ದೀಪ ಸುತ್ತುವ ಹುಳ ಅಂತಲೇ ಮನಸ್ಸಿಗೆ ಬರುತ್ತದೆ, ಅಲ್ವಾ?

ಅಮ್ಮನನ್ನು ಕೇಳಿದೆ. "ಹಿಟ್ಟು ಬಲೆ ಕಟ್ಟಿದೆ ಅಂತೀವಿ, ಇನ್ನೇನು?" ಅಂದರು. ಹಿಟ್ಟಿಗೆ ಏನಾಯಿತು ಅನ್ನುವುದಕ್ಕೆ ಮಾತಿದೆ, ಹುಳಕ್ಕೆ ಹೆಸರಿಲ್ಲ.

ಸದ್ಯಕ್ಕೆ 'ಹಿಟ್ಟಿನ ಚಿಟ್ಟೆ' ಅಂತ ಹಾಕಿದ್ದೇನೆ. ಮಾಲೂರು, ಪಾವಗಡ, ಮಧುಗಿರಿ ಕಡೆಯವರ ಅಡುಗೆಮನೆಯಲ್ಲಿ ಬೇರೆ ಹೆಸರಿದ್ದರೆ ತಿಳಿಸಿ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.